ಪಿನ್‌ಕೋಡು ಒಡೆಯುವ ಚಟ

ಕೆಲವರಿಗೆ ಪದಬಂಧದ ಚಟ, ಕೆಲವರಿಗೆ ಸುಡೊಕು. ಲೆಕ್ಕದ ಮರುಳು ಹಿಡಿದವರಿಗೆ ಅವೆರಡೂ ಬೇಡ, ಅಂಗಡಿ ಬೋರ್ಡಿನ ಮೂಲೆಯಲ್ಲಿರುವ ಪಿನ್‌ಕೋಡೇ ಸಾಕು. ಆರಂಕಿಯ ಸಂಖ್ಯೆಯನ್ನು ಕಾಗದ ಪೆನ್ನು ಇಲ್ಲದೆಯೂ ಅವಿಭಾಜ್ಯ ಅಪವರ್ತನಗಳಾಗಿ ಒಡೆಯಬಹುದು. ಆದರೆ ಕುಂದಾಪುರದಲ್ಲಿ ಬಸ್ಸು ಹತ್ತಿದವರು ಮರವಂತೆ ದಾಟಿದರೂ ಅದು ಬಗ್ಗದೆ ಇರುವುದುಂಟು.

ಪಿನ್‌ಕೋಡು ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ರೂಪಿಸಿದವರು ಶ್ರೀರಾಮ ಭಿಕಾಜಿ ವೆಲಣಕರ್; ಅಂಚೆ ಇಲಾಖೆಯ ಈ ಅಧಿಕಾರಿ ಸಂಸ್ಕೃತ ಕವಿಯೂ ಹೌದು. ಮೊದಲ ಮೂರು ಅಂಕಿ ಟಪಾಲು ವಿಂಗಡಿಸುವ ಜಿಲ್ಲೆಗೆ, ಕೊನೆಯ ಮೂರು ಅಂಚೆ ಕಚೇರಿಗೆ. ಕುಂದಾಪುರ 576201, ಬ್ರಹ್ಮಾವರ 576213, ಬೈಂದೂರು 576214. ಅಂಚೆಯವರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಈ ಮೂರು-ಮೂರರ ಪಾಲು ಲೆಕ್ಕದವರಿಗೂ ಒದಗಿ ಬಂತು.

ಹೇಗೆಂದರೆ, 7×11×13 ಅಂದರೆ 1001, ಸಾವಿರಕ್ಕಿಂತ ಒಂದೇ ಹೆಚ್ಚು. ಹಾಗಾಗಿ ಎರಡು ಪಾಲುಗಳನ್ನು ಕಳೆದು ನೋಡಿದರೆ ಈ ಮೂರು ಅಪವರ್ತನಗಳ ಸುಳಿವು ಒಟ್ಟಿಗೇ ಸಿಗುತ್ತದೆ. ಬ್ರಹ್ಮಾವರದಲ್ಲಿ 576ರಿಂದ 213 ಹೋದರೆ 363, ಅದರಲ್ಲಿ 11 ಇದೆ. ಇಡೀ ಸಂಖ್ಯೆಯಲ್ಲೂ ಇದೆ. ಪೂರ್ತಿ ಒಡೆದರೆ 3×11×19×919.

ಬೈಂದೂರು ಹಠಮಾರಿ. ಸಮಸಂಖ್ಯೆಯಾದ್ದರಿಂದ 2 ಹೋಯಿತು, ಮುಂದೆ 41ರ ತನಕ ಯಾವುದೂ ತಾಗುವುದಿಲ್ಲ. ಆಮೇಲೆ ಉಳಿಯುವ 7027 ಅವಿಭಾಜ್ಯ ಎಂದು ಒಪ್ಪಿಕೊಳ್ಳುವ ಮೊದಲು 83ರವರೆಗಿನ ಅವಿಭಾಜ್ಯಗಳನ್ನೆಲ್ಲ ಪ್ರಯೋಗಿಸಬೇಕು. 84ರ ವರ್ಗ 7056, ಅದರಾಚೆ ಹುಡುಕುವ ಅಗತ್ಯವಿಲ್ಲ. ಬೇಸರದ ಕೆಲಸವೇ, ಆದರೂ ಚಟದವರು ಬಿಡುವುದಿಲ್ಲ.

ಮೂರರಲ್ಲಿ ಚೆಂದದ್ದು ಕುಂದಾಪುರ. ಇಲ್ಲಿ ಕಳೆಯುವ ಬದಲು ಕೂಡಿಸಬೇಕು: 576+201=777! ಸಾವಿರವೆಂದರೆ 999ಕ್ಕೆ ಒಂದು ಹೆಚ್ಚು. ಆದ್ದರಿಂದ 576 ಸಾವಿರದಲ್ಲಿ 576 ಸಲ 999 ಇದ್ದು, ಮೇಲೆ 576 ಮಿಗುತ್ತದೆ. ಅದು 201ರ ಜೊತೆ ಸೇರಿ 777 ಆಗುತ್ತದೆ. 999ರಲ್ಲಿ ಒಂಬತ್ತು 111, 777ರಲ್ಲಿ ಏಳು. ಅಲ್ಲಿಗೆ ಊರಿನ ಪಿನ್‌ಕೋಡು 111ರಿಂದ ನಿಶ್ಶೇಷವಾಗಿ ಭಾಗವಾಯಿತು. ಭಾಗಲಬ್ಧ 5191, ಅದು 29×179. 111 ಎಂದರೆ 3×37. ಕುಂದಾಪುರದವರು ಇದಕ್ಕೆ ಹೆಮ್ಮೆಪಡಬಹುದು, ಪಡದಿದ್ದರೂ ಅಡ್ಡಿಲ್ಲ.

ಒಂದುಗಳ ಸಾಲಿನ ಮೋಹ ಕನ್ನಡನಾಡಿಗೆ ಹೊಸತಲ್ಲ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಗುಣಾಕಾರ ಕಲಿಸುವುದೇ ಇಂಥ ಲೆಕ್ಕಗಳಿಂದ. 152207ನ್ನು 73ರಿಂದ ಗುಣಿಸಿದರೆ 11111111. 27994681ನ್ನು 441ರಿಂದ ಗುಣಿಸಿದರೆ 12345654321. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಅದೇ. ಇಂಥ ಕೆಲವು ಗುಣಲಬ್ಧಗಳನ್ನು ಆತ ಕೊರಳ ಹಾರ ಎಂದೇ ಕರೆದ. ಎರಡನೆಯ ಹಾರ 111111ರ ವರ್ಗ. ಆ 111111 ಎಂದರೆ 111×1001. ಕುಂದಾಪುರದಲ್ಲಿ ಸಿಕ್ಕ 111, ಬ್ರಹ್ಮಾವರಕ್ಕೆ ಬಳಸಿದ 1001, ಎರಡೂ ಅಲ್ಲಿಯೇ ಇವೆ.

ಗಂಗೊಳ್ಳಿಯವರಿಗೆ ಆರಂಭ ಸುಲಭ: 576216 ನೇರವಾಗಿ 72ರಿಂದ ಭಾಗವಾಗುತ್ತದೆ. ಉಳಿಯುವ 8003ನ್ನು ನೀವೇ ಒಡೆದು ನೋಡಿ, 53ರ ತನಕ ತಾಳ್ಮೆಯಿರಲಿ.