ಕೋಲ ಮುಗಿದ ಮೇಲೆ

ಆತ್ಮಗಳೊಡನೆ ಮಾತಾಡುವವರ ಕತೆಯೆಂದರೆ ಸಿನಿಮಾದವರಿಗೆ ಎಲ್ಲ ಕಾಲಕ್ಕೂ ಇಷ್ಟ. 1964ರಲ್ಲಿ ಬಂದ ‘ಸೇಯಾನ್ಸ್ ಆನ್ ಎ ವೆಟ್ ಆಫ್ಟರ್‌ನೂನ್’ ಎಂಬ ಇಂಗ್ಲಿಷ್ ಚಿತ್ರವನ್ನು ನಮ್ಮಲ್ಲಿ ನೋಡಿದವರು ಕಡಿಮೆ. ಅದರಲ್ಲಿ ಅಂಥ ಹೆಂಗಸೊಬ್ಬಳು ಹೆಸರು ಮಾಡುವ ಆಸೆಯಿಂದ ಗಂಡನ ಕೈಲಿ ಒಂದು ಮಗುವನ್ನೇ ಅಪಹರಣ ಮಾಡಿಸುತ್ತಾಳೆ. ಮಗು ಎಲ್ಲಿದೆಯೆಂದು ತನ್ನ ‘ಶಕ್ತಿ’ಯಿಂದ ಹೇಳಿ ಊರನ್ನೇ ಬೆರಗಾಗಿಸಬೇಕೆಂಬುದು ಅವಳ ಲೆಕ್ಕ. ಮುಚ್ಚಿದ ಕೋಣೆ, ಮಬ್ಬು ಬೆಳಕು, ಮೇಜಿನ ಸುತ್ತ ಕೈಬೆರಳೆಣಿಕೆಯ ಜನ. ಬಂಟ್ವಾಳದ ಹಳ್ಳಿಯಲ್ಲಿ ಬೆಳೆದ ನನಗೆ ಅದನ್ನು ನೋಡುವಾಗ ಅನಿಸಿದ್ದು ಇಷ್ಟೆ: ಪಾಪ, ಇವರಿಗೆ ಅಂಗಳವೇ ಇಲ್ಲ!

ನಮ್ಮಲ್ಲಿ ದೈವ ಬರುವುದು ಅಂಗಳಕ್ಕೆ, ಊರೆಲ್ಲ ನೋಡುತ್ತಿರುವಾಗ. ನಮ್ಮ ಕುಟುಂಬದ ಮನೆಯಲ್ಲಿ ನಡೆಯುವುದು ಕಲ್ಲುರ್ಟಿಯ ಕೋಲ. ಬಂಟ್ವಾಳ ತಾಲೂಕಿನ ಪಣೋಲಿಬೈಲಿಗೆ ಅಗೆಲು ಸೇವೆ ಕೊಡಲು ಹೋದವರಿಗೆ ಈ ತಾಯಿಯ ಪರಿಚಯ ಬೇಡ. ಅವಳ ಅಣ್ಣ ಕಲ್ಕುಡ ದೊಡ್ಡ ಶಿಲ್ಪಿ. ಕಾರ್ಕಳದ ಗೊಮ್ಮಟನನ್ನು ಕಡೆದು ಮುಗಿಸಿದಾಗ, ಇಂಥದ್ದನ್ನು ಇನ್ನೆಲ್ಲೂ ಮಾಡಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದನಂತೆ. ಉಳಿದ ಒಂದೇ ಕೈಯಲ್ಲಿ ಅವನು ವೇಣೂರಿನ ಗೊಮ್ಮಟನನ್ನೂ ಮಾಡಿದನೆನ್ನುತ್ತಾರೆ. ಕಾರ್ಕಳದ ಮೂರ್ತಿ ನಿಂತದ್ದು 1432ರಲ್ಲಿ, ವೇಣೂರಿನದು 1604ರಲ್ಲಿ. ನಡುವೆ 172 ವರ್ಷ! ಆದರೆ ಪಾಡ್ದನಕ್ಕೆ ಇಸವಿಯ ಹಂಗಿಲ್ಲ. ಅದು ನೆನಪಿಟ್ಟುಕೊಂಡದ್ದು ಅನ್ಯಾಯವನ್ನು. ಅಣ್ಣನ ಸ್ಥಿತಿ ಕಂಡು ಉರಿದೆದ್ದ ತಂಗಿಯೇ ಕಲ್ಲುರ್ಟಿ. ಅಂಥವಳಿಗೆ ಹೆದರಬೇಕಾದವರು ಅನ್ಯಾಯ ಮಾಡಿದವರು ಮಾತ್ರ. ಉಳಿದವರಿಗೆಲ್ಲ ಅವಳು ‘ಅಪ್ಪೆ’, ತಾಯಿ.

ಕಳೆದ ರಜೆಯಲ್ಲಿ ಬೆಂಗಳೂರಿನಿಂದ ತಂಗಿಯ ಮಗಳು ಬಂದಿದ್ದಳು, ನಾಲ್ಕನೇ ಕ್ಲಾಸು. ಟಿ.ವಿ.ಯಲ್ಲಿ ‘ಕಾಂತಾರ’ ನೋಡಿ ಮುಗಿಸಿ, ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು: “ದೊಡ್ಡಮ್ಮ, ದೈವ ಬಂದವರು ನಿಜವಾಗ್ಲೂ ಕಾಡಲ್ಲಿ ಮಾಯ ಆಗಿಬಿಡ್ತಾರಾ?”

“ಇಲ್ಲ ಮಗಾ, ಬೆಳಗ್ಗಿನ ಬಸ್ಸಿಗೆ ಮನೆಗೆ ಹೋಗ್ತಾರೆ” ಅಂದೆ. ಅವಳಿಗೆ ಸ್ವಲ್ಪ ನಿರಾಸೆಯೇ ಆಯಿತು.

ಆದರೆ ನನಗೆ ಮುಖ್ಯವಾಗಿ ಕಾಣುವುದು ಆ ಬಸ್ಸೇ. ನಮ್ಮ ಕರಾವಳಿಯ ದೈವಗಳು ಪರದೆಗೆ ಹೊಸಬರಲ್ಲ. ನಮ್ಮದೇ ತಾಲೂಕಿನ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರು 1975ರಲ್ಲಿ ‘ಚೋಮನ ದುಡಿ’ಯನ್ನು ಚಿತ್ರ ಮಾಡಿದರು, ಆ ಕತೆಯಲ್ಲಿ ಪಂಜುರ್ಲಿ ಇದ್ದಾನೆ. ದೈವದ ಕಾಲಿನ ಗೆಜ್ಜೆಯ ಹೆಸರನ್ನೇ ಹೊತ್ತ ‘ಗಗ್ಗರ’ ಎಂಬ ತುಳು ಚಿತ್ರ 2008ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆಯಿತು; ಘಟ್ಟದ ಮೇಲೆ ಅದನ್ನು ನೋಡಿದವರು ಎಷ್ಟು ಮಂದಿಯೋ! 2015ರ ‘ರಂಗಿತರಂಗ’ದಲ್ಲಿ ಕೋಲ ಮೈನಡುಗಿಸಿತು. 2022ರ ‘ಕಾಂತಾರ’ದ ಕೂಗಂತೂ ದೇಶಕ್ಕೆಲ್ಲ ಕೇಳಿಸಿತು. ಆ ಕೂಗಿಗೆ ನನ್ನ ಮೈಯಲ್ಲೂ ಮುಳ್ಳೆದ್ದಿತ್ತು. ಆದರೆ ಕೋಲವೆಂದರೆ ಕೂಗಷ್ಟೇ ಅಲ್ಲ.

ಕೋಲ ಕಟ್ಟುವವರು ನಲಿಕೆ, ಪರವ, ಪಂಬದ ಸಮುದಾಯದವರು. ಮೊದಲು ಎಣ್ಣೆಬೂಳ್ಯ ಸ್ವೀಕರಿಸುತ್ತಾರೆ. ಮತ್ತೆ ಮುಖಕ್ಕೆ ಹಳದಿ ಅರ್ದಾಳ, ಸೊಂಟಕ್ಕೆ ತೆಂಗಿನ ಎಳೆಗರಿಯ ಸಿರಿ. ಪಕ್ಕದಲ್ಲಿ ಅವರ ಮನೆಯ ಹೆಂಗಸು ತೆಂಬರೆ ಬಡಿಯುತ್ತ ಪಾಡ್ದನ ಹೇಳುತ್ತಾಳೆ. ಮಕ್ಕಳಾಗಿದ್ದಾಗ ನಾವು ಎದುರಿಗೇ ಕುಳಿತು, ಪರಿಚಯದ ಮುಖ ನಿಧಾನಕ್ಕೆ ಬೇರೆಯಾಗುವುದನ್ನು ನೋಡುತ್ತಿದ್ದೆವು. ಗಗ್ಗರ ಕಟ್ಟಿ ಎದ್ದು ನಿಂತರೆ ಮುಗಿಯಿತು, ಮತ್ತೆ ಅವರು ಅಪ್ಪೆಯೇ. ತೋಡಿನ ನೀರಿನ ಪಾಲಿಗಾಗಿ ವರ್ಷಗಟ್ಟಲೆ ಮಾತು ಬಿಟ್ಟಿದ್ದ ನನ್ನ ಇಬ್ಬರು ಮಾವಂದಿರನ್ನು ಒಮ್ಮೆ ಅಪ್ಪೆ ಹತ್ತಿರ ಕರೆದಳು. ಇಬ್ಬರ ಕೈಗೂ ಒಟ್ಟಿಗೇ ಬೂಳ್ಯ ಕೊಟ್ಟು, ಇನ್ನು ನೀರು ಹಂಚಿಕೊಂಡು ಬಾಳಬೇಕೆಂದು ನುಡಿ ಕೊಟ್ಟಳು. ಪಂಚಾಯಿತಿಗೆ ಜಗ್ಗದವರು ಅಲ್ಲಿ ತಲೆ ತಗ್ಗಿಸಿದರು. ಅಷ್ಟೂ ಜನರ ಎದುರು ಒಪ್ಪಿದ್ದನ್ನು ಮರುದಿನ ಇಲ್ಲವೆನ್ನುವುದಾದರೂ ಹೇಗೆ?

ಬೆಳಗಾಗುವಾಗ ಬಣ್ಣ ಅಳಿಸಿ, ಅಣಿ ಬಿಚ್ಚಿ, ಪೆಟ್ಟಿಗೆ ಕಟ್ಟುತ್ತಾರೆ. ಭುಜ ನೋವು, ನಿದ್ದೆಗೆಟ್ಟ ಕಣ್ಣು. ಅಜ್ಜನ ಕಾಲದಲ್ಲಿ, ರಾತ್ರಿ ಮನೆಯ ಯಜಮಾನ ಕೈಮುಗಿದು ನಿಂತಿದ್ದ ಆ ವ್ಯಕ್ತಿಗೇ ಬೆಳಿಗ್ಗೆ ಜಗಲಿ ಹತ್ತಲು ಇರಲಿಲ್ಲ. ಅಂಗಳದ ಕೊನೆಯಲ್ಲಿ ಎಲೆ ಹಾಕುತ್ತಿದ್ದರು. ಅದನ್ನು ಬದಲಿಸಿದ್ದು ನನ್ನ ಅಮ್ಮ. ಒಂದು ವರ್ಷ ಯಾರನ್ನೂ ಕೇಳದೆ ಜಗಲಿಯಲ್ಲಿ ಚಾಪೆ ಹಾಸಿ, “ಬನ್ನಿ, ಇಲ್ಲೇ ಕೂತು ಊಟ ಮಾಡಿ” ಎಂದರು. ಹಿರಿಯರ ಮುಖ ಸಿಂಡರಿಸಿತು. “ರಾತ್ರಿ ನಮ್ಮ ಜಗಳ ಬಿಡಿಸಿದವರು ಯಾರು ಹಾಗಾದರೆ?” ಎಂದು ಅಮ್ಮ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ, ಆದರೆ ಚಾಪೆಯನ್ನು ಯಾರೂ ತೆಗೆಯಲೂ ಇಲ್ಲ.

2022ರ ಅಕ್ಟೋಬರಿನಲ್ಲಿ, ‘ಕಾಂತಾರ’ ಓಡುತ್ತಿದ್ದಾಗಲೇ, 60 ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನವನ್ನು ರಾಜ್ಯ ಸರಕಾರ ಘೋಷಿಸಿತು. ಸಿನಿಮಾದ ಬೆಳಕು ಅಷ್ಟರ ಮಟ್ಟಿಗೆ ಅವರ ಮೇಲೂ ಬಿತ್ತೆಂದು ಸಂತೋಷ. ಅದೇ ಬೆಳಕಿನಲ್ಲಿ ಮೊಬೈಲಿನ ಮುಂದೆ ಬಣ್ಣ ಬಳಿದು ಕೂಗುವವರೂ ಹೆಚ್ಚಾದರು; ಹಾಗೆ ಅನುಕರಿಸಬೇಡಿ ಎಂದು ಕೊನೆಗೆ ಚಿತ್ರದವರೇ ವಿನಂತಿಸಬೇಕಾಯಿತು.

ಮಕ್ಕಳೇ, ನೀವು ನಮ್ಮ ಕಡೆ ಬಂದರೆ ಪತ್ತನಾಜೆಗೆ ಮೊದಲು, ಮೇ ತಿಂಗಳ ಕೊನೆಯೊಳಗೆ ಬನ್ನಿ. ಆಮೇಲೆ ಗಗ್ಗರಕ್ಕೆ ಮಳೆಗಾಲದ ರಜೆ. ರಾತ್ರಿಯಿಡೀ ಕೋಲ ನೋಡಿ. ಹೆದರಿಕೆಯಾದರೆ ಅಮ್ಮನ ಸೆರಗು ಹಿಡಿದುಕೊಳ್ಳಿ, ಪರವಾಗಿಲ್ಲ. ಬೆಳಿಗ್ಗೆ ಮಾತ್ರ ನಿದ್ದೆ ಮಾಡಬೇಡಿ. ಬಣ್ಣ ಅಳಿಸಿ ಕುಳಿತ ಆ ಹಿರಿಯರ ಹತ್ತಿರ ಹೋಗಿ, ಹೆಸರು ಕೇಳಿ, ಒಂದು ಲೋಟ ಚಹಾ ಕೊಡಿ.