ಹನ್ನೆರಡನೇ ಫ್ರೆಟ್ಟಿನಾಚೆ

ಗಣಪತಿ ಹಬ್ಬದ ರಸಮಂಜರಿಗಳಲ್ಲಿ ಗಿಟಾರ್ ಹಿಡಿದು ನಿಲ್ಲುವ ಹುಡುಗರಿಗೆ ಈಚೆಗೆ ಒಂದು ಅವಸರ ಅಂಟಿಕೊಂಡಿದೆ. ಪಲ್ಲವಿಗೂ ಚರಣಕ್ಕೂ ನಡುವೆ ಸಿಗುವ ಚೂರು ಬಿಡುವಿನಲ್ಲಿ ಮೊದಲ ಸ್ವರವನ್ನೇ 17ನೇ ಫ್ರೆಟ್ಟಿನಲ್ಲಿ ಒತ್ತುತ್ತಾರೆ. ಅಲ್ಲಿಂದ ಮೇಲೇರಲು ಜಾಗವಿಲ್ಲ, ಕೆಳಗಿಳಿಯಲು ಮನಸ್ಸಿಲ್ಲ. ಕಾಲಕಾಲೇಶ್ವರನ ಮೆಟ್ಟಿಲು ಹತ್ತದೆ ನೇರ ಗುಡಿಯ ಬಾಗಿಲಲ್ಲೇ ಕಣ್ಣು ಬಿಟ್ಟವನಿಗೆ ಬೆಟ್ಟದ ಎತ್ತರ ತಿಳಿಯುವುದು ಹೇಗೆ? ಕೇಳುವವರ ಸ್ಥಿತಿಯೂ ಅದೇ. ಸ್ವರ ಮೇಲಿದೆ, ಸರಿ. ಯಾವುದಕ್ಕಿಂತ ಮೇಲಿದೆ ಎಂದು ಅವರಿಗೆ ಯಾರೂ ತೋರಿಸಿಲ್ಲ. ರೋಣದಂಥ ಊರಿನಲ್ಲಿ ಈ ಅವಸರ ಕಂಡರೆ ಸಿಟ್ಟು ಒಂದು ಕೈ ಹೆಚ್ಚೇ ಬರುತ್ತದೆ. ತಾರ ಷಡ್ಜಕ್ಕೆ ಹೇಗೆ ಕಾಯಬೇಕೆಂದು ದೇಶಕ್ಕೆಲ್ಲ ತೋರಿಸಿಕೊಟ್ಟ ಭೀಮಸೇನ ಜೋಶಿಯವರು 1922ರ ಫೆಬ್ರುವರಿ 4ರಂದು ಹುಟ್ಟಿದ್ದು ಇಲ್ಲಿಯೇ.

ನನ್ನ ವಾದ ಇಷ್ಟೇ: ಗಿಟಾರಿನ ಮೇಲಿನ ಫ್ರೆಟ್ಟುಗಳಿಗೆ ಸ್ವಂತದ ಬೆಲೆಯಿಲ್ಲ, ಅಲ್ಲಿಗೆ ಬಂದ ದಾರಿಯಿಂದ ಬೆಲೆ ಬರುತ್ತದೆ. ಇದನ್ನು ವಾದ್ಯವೇ ಹೇಳುತ್ತದೆ. 648 ಮಿಲಿಮೀಟರ್ ತಂತಿಯ ಗಿಟಾರಿನಲ್ಲಿ ಮೊದಲ ಫ್ರೆಟ್ಟಿನ ಅಗಲ ಸುಮಾರು 36 ಮಿಲಿಮೀಟರ್. 12ನೆಯದಕ್ಕೆ ಬರುವಾಗ ಅದು 19ಕ್ಕೆ ಇಳಿದಿರುತ್ತದೆ, 20ರ ಹೊತ್ತಿಗೆ 12. ಬೆರಳ ತುದಿಗೂ ಅಷ್ಟೇ ಅಗಲವಿರುತ್ತದೆ. ತಂತಿಯ ಮಿಡಿಯುವ ಭಾಗ ಗಿಡ್ಡವಾದಂತೆ ನಾದ ಬೇಗ ಆರುತ್ತದೆ. ತಂತಿ ಹಲಗೆಯಿಂದ ಎತ್ತರದಲ್ಲಿದ್ದರೆ ಒತ್ತಿದ ಮಾತ್ರಕ್ಕೆ ಶ್ರುತಿ ಏರುತ್ತದೆ. ಅಂದರೆ ಬೆರಳಿಗೆ ಇಕ್ಕಟ್ಟು, ನಾದಕ್ಕೆ ಅಲ್ಪಾಯುಷ್ಯ, ಶ್ರುತಿಗೆ ಅಪಾಯ. ಇಷ್ಟೆಲ್ಲ ದುಬಾರಿ ಜಾಗದಲ್ಲಿ ನಮ್ಮವರು ಹದಿನಾರು ಸ್ವರಗಳನ್ನು ಒಂದೇ ಉಸಿರಿಗೆ ಚೆಲ್ಲುತ್ತಾರೆ.

ಆ ದಾರಿಯ ಮಾತಿಗೆ ಬಂದರೆ, ನನ್ನ ಜಗಳ ಇರುವುದು ‘ಬಾಕ್ಸ್’ ಪಂಡಿತರೊಂದಿಗೆ. ಕೈಯನ್ನು ನಾಲ್ಕು ಫ್ರೆಟ್ಟುಗಳ ಚೌಕದಲ್ಲಿ ಊರಿ, ಸ್ವರ ಮೇಲೇರಿದಂತೆ ದಪ್ಪ ತಂತಿಯಿಂದ ತೆಳು ತಂತಿಗೆ ದಾಟುವುದು ಅವರ ಪಾಠ. ಬೆರಳಿಗೆ ಅದು ಸುಖ, ಕಿವಿಗಲ್ಲ; ತಂತಿ ಬದಲಾದಾಗಲೆಲ್ಲ ದನಿ ಬದಲಾಗುತ್ತದೆ, ಒಂದು ಹಾಡನ್ನು ಮೂವರು ಹಂಚಿಕೊಂಡು ಹಾಡಿದಂತಾಗುತ್ತದೆ. ಅದರ ಬದಲು ಒಂದೇ ತಂತಿಯ ಮೇಲೆ ಏರಿ ನೋಡಿ. ಎರಡನೇ ತಂತಿಯ 5ನೇ ಫ್ರೆಟ್ಟನ್ನು ಷಡ್ಜ ಮಾಡಿಕೊಳ್ಳಿ. ಬಿಟ್ಟ ಮೊದಲ ತಂತಿ ಅದೇ ಷಡ್ಜ. ಬಿಟ್ಟ ಆರನೆಯದು ಅದಕ್ಕೆ ಎರಡು ಸ್ಥಾಯಿ ಕೆಳಗಿನ ಷಡ್ಜ. ತಂಬೂರಿ ಪುಕ್ಕಟೆಯಾಗಿ ಸಿಕ್ಕಿತು. ಇನ್ನು ಯಮನ್ ಹಿಡಿದು, 16ನೇ ಫ್ರೆಟ್ಟಿನ ನಿಷಾದದಲ್ಲಿ ಸಾಕೆನಿಸುವಷ್ಟು ನಿಂತು, ಆಮೇಲೆ 17ಕ್ಕೆ ಜಾರಿ. ಇದೇ ಸ್ವರ ಮೊದಲ ತಂತಿಯ 12ರಲ್ಲಿ ಸುಲಭವಾಗಿ ಸಿಗುತ್ತದೆ, ಮೂರನೆಯದರ 21ರಲ್ಲೂ ಸಿಗುತ್ತದೆ. ಕಂಪನಸಂಖ್ಯೆ ಮೂರಕ್ಕೂ ಒಂದೇ, 659. ದನಿ ಮಾತ್ರ ಮೂರು ಬಗೆ. ಎರಡನೇ ತಂತಿಯದಕ್ಕೆ ಮೈಯಿದೆ, ಜೊತೆಗೆ ಅದು ಹಾದುಬಂದ ಹನ್ನೆರಡು ಫ್ರೆಟ್ಟುಗಳ ಮೀಂಡ್ ಕಿವಿಯಲ್ಲಿ ಇನ್ನೂ ಉಳಿದಿರುತ್ತದೆ. ಗಾಂಧಾರದಲ್ಲಿ ಮಾತ್ರ ಎಚ್ಚರ. ಫ್ರೆಟ್ಟಿನ ಗಾಂಧಾರ ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಗಾಂಧಾರಕ್ಕಿಂತ ತುಸು ಏರು. ತಂತಿ ಎಳೆದರೆ ಶ್ರುತಿ ಏರೀತೇ ಹೊರತು ಇಳಿಯದು. ಆದ್ದರಿಂದ ಒಂದು ಫ್ರೆಟ್ ಕೆಳಗೆ ಬೆರಳಿಟ್ಟು, ಸಿತಾರಿನವರ ಹಾಗೆ ಎಳೆದು, ಬೇಕಾದ ಗಾಂಧಾರಕ್ಕೆ ಮುಟ್ಟಬೇಕು. ಇದನ್ನೆಲ್ಲ ಹೇಳಿದರೆ ಬಾಕ್ಸ್ ಪಂಡಿತರು ‘ಟೈಮ್ ಎಲ್ಲಿದೆ ಸರ್?’ ಎನ್ನುತ್ತಾರೆ.

ಟೈಮಿನ ಮಾತು ಗಟ್ಟಿ ಆಕ್ಷೇಪವೇ. ಖಯಾಲಿಗೆ ಮುಕ್ಕಾಲು ಗಂಟೆ ಇರುತ್ತದೆ. ಕಿರಾಣಾ ಗಾಯಕರು ಮಂದ್ರದಿಂದ ಹೊರಟು, ಒಂದೊಂದೇ ಸ್ವರಕ್ಕೆ ಅದರ ಪಾಲಿನ ಮರ್ಯಾದೆ ಕೊಟ್ಟು, ನಿಷಾದದ ಹತ್ತಿರ ನಮ್ಮನ್ನು ಸತಾಯಿಸಿ ತಾರ ಷಡ್ಜ ಹಚ್ಚಬಹುದು. ಸಿನಿಮಾ ಹಾಡಿನ ನಡುವೆ ಇದು ಸಾಧ್ಯವೇ? ಇದಕ್ಕೆ ಉತ್ತರ ಹಳೆಯ 78 ಆರ್‌ಪಿಎಂ ತಟ್ಟೆಗಳಲ್ಲಿದೆ. ಒಂದು ಬದಿಗೆ ಮೂರು ಚಿಲ್ಲರೆ ನಿಮಿಷ. ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮರಿ ಅಷ್ಟರಲ್ಲೇ ಮುಗಿಯುತ್ತದೆ, ಆದರೆ ಎಲ್ಲಿಯೂ ಓಡುವುದಿಲ್ಲ. ಆ ತಟ್ಟೆ ಕೇಳಿದ ಹುಡುಗ ಭೀಮಸೇನ 1933ರಲ್ಲಿ, ಹನ್ನೊಂದರ ಪ್ರಾಯದಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದ. ಊರೂರು ಅಲೆದು ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯನಾದ. ಕಾಯುವುದೆಂದರೆ ಗಡಿಯಾರದ ಲೆಕ್ಕವಲ್ಲ, ಪ್ರಮಾಣದ ಲೆಕ್ಕ. ಇಪ್ಪತ್ತು ಸೆಕೆಂಡಿದ್ದರೆ ಹದಿನೈದು ಕಾಯಿರಿ.

ಭೀಮಸೇನರ ತಾನುಗಳು ಮಿಂಚಿನಂತೆ ತಾರಕ್ಕೆ ಹೋಗುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಹೋಗುತ್ತಿದ್ದವು, ವಿಸ್ತಾರ ಮುಗಿದ ಮೇಲೆ. ಗಿಟಾರಿಗೆ ಖಯಾಲಿನ ಕಾನೂನು ಯಾಕೆ ಎಂಬ ಇನ್ನೊಂದು ತಕರಾರಿಗೆ ಬಿ. ಬಿ. ಕಿಂಗ್ ಸಾಕ್ಷಿ. ಅಮೆರಿಕದ ಮಿಸಿಸಿಪ್ಪಿಯ ಆ ಮನುಷ್ಯ ಕಿರಾಣಾದ ಹೆಸರು ಕೇಳಬೇಕಾದ ಪ್ರಮೇಯವಿರಲಿಲ್ಲ. ಅವರು ಹಾಡುವಾಗ ಗಿಟಾರ್ ಸುಮ್ಮನಿರುತ್ತಿತ್ತು, ಗಿಟಾರ್ ಹಾಡುವಾಗ ಅವರು ಸುಮ್ಮನಿರುತ್ತಿದ್ದರು; ಮೇಲಿನ ಒಂದೇ ಸ್ವರವನ್ನು ಎಳೆದು, ನಡುಗಿಸಿ, ಬಿಟ್ಟುಬಿಡುತ್ತಿದ್ದರು. ಇತ್ತ ನಮ್ಮ ಧಾರವಾಡದಲ್ಲಿ ಸಿತಾರರತ್ನ ರಹಿಮತ್ ಖಾನರು ಸಿತಾರಿನ ತಂತಿಗಳ ಜೋಡಣೆಯನ್ನು ತಿದ್ದಿದಾಗ ಗಮನ ಕೊಟ್ಟಿದ್ದು ಖರಜದ ಕಡೆಗೆ. ಮೇಲೆ ಮನೆ ಕಟ್ಟುವ ಮೊದಲು ಅವರು ಕೆಳಗೆ ಜಾಗ ಮಾಡಿಕೊಂಡರು. ಗಿಟಾರಿನ ಅಂಗಡಿಗಳಲ್ಲಿ ಈಗ ನಡೆಯುವ ವ್ಯಾಪಾರ ಇದಕ್ಕೆ ತದ್ವಿರುದ್ಧ: 20ಕ್ಕಿಂತ 22 ಫ್ರೆಟ್ ದೊಡ್ಡದು, 22ಕ್ಕಿಂತ 24. ಕೈ ಮೇಲೆ ಹೋಗಲೆಂದು ಮೈಯನ್ನು ಕಚ್ಚಿ ತೆಗೆದ ಕಟ್‌ಅವೇ ಬೇರೆ. ಆ ಕೊನೆಯ ನಾಲ್ಕು ಫ್ರೆಟ್ಟುಗಳಲ್ಲಿ ಧೂಳು ಒರೆಸುವುದು ಬಿಟ್ಟು ಬೇರೆ ಕೆಲಸ ಮಾಡಿದವರು ಕಡಿಮೆ. ಮಾಡಿದವರಲ್ಲಿ ಹೆಚ್ಚಿನವರು ಮಾಡದೇ ಇದ್ದಿದ್ದರೆ ಚೆನ್ನಾಗಿತ್ತು.

ಆದ್ದರಿಂದ ಹೊಸ ಗಿಟಾರ್ ಕೊಳ್ಳಲು ಹುಬ್ಬಳ್ಳಿಗೋ ಗದಗಕ್ಕೋ ಹೊರಟವರು ಫ್ರೆಟ್ ಎಷ್ಟಿವೆ ಎಂದು ಎಣಿಸುವುದು ಬಿಡಿ. 12ನೇ ಫ್ರೆಟ್ಟಿನ ಸರಳಿನ ನೇರಕ್ಕೆ ತಂತಿಯನ್ನು ಒತ್ತದೆ ಬರೀ ಸೋಕಿ ಮೀಟಿ, ಆಮೇಲೆ ಅಲ್ಲೇ ಒತ್ತಿ ಮೀಟಿ. ಎರಡು ಸ್ವರ ಒಂದೇ ಆಗಿದ್ದರೆ ಮಾತ್ರ ದುಡ್ಡು ಕೊಡಿ.