ಕಾವಲುಗಾರರನ್ನು ಎಬ್ಬಿಸಬಹುದೇ?

ಪೀಣ್ಯದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಬಿಳಿ ರಕ್ತಕಣಗಳನ್ನು ನಾನು ‘ಊರ ಕಾವಲುಗಾರರು’ ಎಂದು ಕರೆಯುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಕಳೆದ ತಿಂಗಳು ಆ ತರಗತಿಯ ಹುಡುಗನೊಬ್ಬ, ಈಗ ಐವತ್ತು ದಾಟಿದವನು, ಪತ್ನಿಯೊಡನೆ ಮನೆಗೆ ಬಂದಿದ್ದ. “ಸಾರ್, ನಿಮ್ಮ ಕಾವಲುಗಾರರದೇ ಈಗ ನನಗೆ ಸಮಸ್ಯೆ” ಎಂದು ನಕ್ಕ.

ನಾಲ್ಕು ವರ್ಷಗಳ ಹಿಂದೆ ಯಕೃತ್ತಿನ ಕ್ಯಾನ್ಸರ್‌ಗಾಗಿ ಅವನಿಗೆ ಯಕೃತ್ತಿನ ಕಸಿ ಆಗಿತ್ತು. ತಮ್ಮ ಯಕೃತ್ತಿನ ಭಾಗವನ್ನು ಕೊಟ್ಟವರು ಆ ಪತ್ನಿಯೇ. ದೇಹವು ಅದನ್ನು ತಿರಸ್ಕರಿಸದಿರಲೆಂದು ಅಂದಿನಿಂದ ಅವನು ದಿನವೂ ಟ್ಯಾಕ್ರೋಲಿಮಸ್ ನುಂಗುತ್ತಾನೆ. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ ಈ ಔಷಧವನ್ನು ಇಂದು ನಮ್ಮ ಬೆಂಗಳೂರಿನ ಬಯೋಕಾನ್ ಕೂಡ ತಯಾರಿಸುತ್ತದೆ. ಕಾವಲುಗಾರರನ್ನು ಮಂಪರಿನಲ್ಲಿಡುವುದೇ ಅದರ ಕೆಲಸ.

ಈಗ ಕ್ಯಾನ್ಸರ್ ಶ್ವಾಸಕೋಶದಲ್ಲಿ ಮರಳಿ ಕಾಣಿಸಿಕೊಂಡಿದೆ. ಇಂತಹ ಯಕೃತ್ ಕ್ಯಾನ್ಸರ್‌ಗೆ 2020ರಿಂದ ಇಮ್ಯುನೊಥೆರಪಿ ಮುಖ್ಯ ಚಿಕಿತ್ಸೆಗಳಲ್ಲೊಂದಾಗಿದೆ. ಕ್ಯಾನ್ಸರ್ ಹಾಕಿದ ತಡೆಯನ್ನು ತೆಗೆದು ಅದು ಕಾವಲುಗಾರರನ್ನು ಎಬ್ಬಿಸುತ್ತದೆ. ಈ ತತ್ತ್ವಕ್ಕೆ ದಾರಿ ತೋರಿದ ಆಲಿಸನ್ ಮತ್ತು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಆದರೆ ಎಚ್ಚೆತ್ತ ಕಾವಲುಗಾರರು ಕಳ್ಳನೊಂದಿಗೆ ನೆಂಟನನ್ನೂ ಹೊಡೆಯಬಹುದು. ಆ ಔಷಧಗಳ ದೊಡ್ಡ ಪ್ರಯೋಗಗಳಲ್ಲಿ ಕಸಿ ಪಡೆದವರನ್ನು ಸೇರಿಸಿಕೊಂಡಿರಲಿಲ್ಲ. ಪ್ರಕಟವಾದ ಬಿಡಿ ವರದಿಗಳಲ್ಲಿ ಮೂರು ನಾಲ್ಕು ಮಂದಿಗೆ ಒಬ್ಬರಂತೆ ಕಸಿಯ ಅಂಗ ತಿರಸ್ಕೃತವಾಗಿದೆ. ಮೂತ್ರಪಿಂಡ ಸೋತರೆ ಡಯಾಲಿಸಿಸ್ ಇದೆ. ಯಕೃತ್ತು ಸೋತರೆ ವರ್ಷಗಟ್ಟಲೆ ಅದರ ಕೆಲಸ ಮಾಡುವ ಯಂತ್ರವಿಲ್ಲ.

“ಇವಳು ಕೊಟ್ಟದ್ದನ್ನು ನಾನೇ ಕೈಯಾರೆ ಹಾಳುಮಾಡಲೇ ಸಾರ್?” ಎಂದ.

ಉತ್ತರ ಹೇಳಿದವರು ಆಕೆ. “ನಾನು ಕೊಟ್ಟದ್ದು ನೀವು ಬದುಕಲೆಂದು, ಅದನ್ನು ಜೋಪಾನ ಮಾಡಲೆಂದಲ್ಲ ರೀ.”

ನನಗೆ ಮಾತು ಹೊರಡಲಿಲ್ಲ.

ವೈದ್ಯರು ಸದ್ಯಕ್ಕೆ ಲೆನ್ವಾಟಿನಿಬ್ ಎಂಬ ಔಷಧ ಕೊಟ್ಟಿದ್ದಾರೆ. ಗಡ್ಡೆಗೆ ರಕ್ತ ಒದಗಿಸುವ ನಾಳಗಳು ಬೆಳೆಯದಂತೆ ಅದು ತಡೆಯುತ್ತದೆ. ಅದೂ ಸೋತರೆ ಮಾತ್ರ, ಅಪಾಯವನ್ನು ಅರಿತೇ, ಇಮ್ಯುನೊಥೆರಪಿ ಎಂದು ಮೂವರೂ ಕುಳಿತು ನಿರ್ಧರಿಸಿದ್ದಾರಂತೆ.

ಕಾವಲುಗಾರರು ಸದಾ ಎಚ್ಚರವಾಗಿರಬೇಕು ಎಂದು ನಿಮಗೆಲ್ಲ ಕಲಿಸಿದ್ದೆ. ಆ ಪಾಠ ಅರ್ಧವಾಗಿತ್ತೆಂದು ಈಗ ತಿಳಿಯಿತು. ನಿಮ್ಮ ಮನೆಗಳಲ್ಲಿ ಕಸಿ ಮಾಡಿಸಿಕೊಂಡವರಿದ್ದರೆ, ಯಾವ ಹೊಸ ಚಿಕಿತ್ಸೆಗೂ ಮುನ್ನ ಆ ವಿಷಯವನ್ನು ವೈದ್ಯರಿಗೆ ಮೊದಲು ತಿಳಿಸಿ. ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಲು ಬಿಡಬೇಡಿ.

ರಾತ್ರಿ ಎಂಟಾಯಿತು, ಟ್ಯಾಕ್ರೋಲಿಮಸ್‌ನ ಹೊತ್ತು. ಆಕೆ ಚೀಲದಿಂದ ಮಾತ್ರೆ ತೆಗೆದರು. ನಾನು ಒಳಗೆ ಹೋಗಿ ನೀರು ತಂದುಕೊಟ್ಟೆ.